ಶನಿವಾರದ ವಠಾರ

ಅಡುಸೆಯ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕುಮಾಸಿ ನಗರದ ಬಂಟಾಮಾ ಬಡಾವಣೆಯಲ್ಲಿ ಅವನ ಅಂಗಡಿ. ಐವತ್ತೊಂದು ವರ್ಷದ ಆಳು, ಅದರಲ್ಲಿ ಇಪ್ಪತ್ತೈದು ವರ್ಷವನ್ನು ಸತ್ತವರ ಕೆಲಸದಲ್ಲೇ ಕಳೆದಿದ್ದ. ಗೋಡೆಗೆ ಅಂಟಿಸುವ ಸಾವಿನ ಪೋಸ್ಟರು, ಹೆಣದ ಪಕ್ಕ ನಿಂತವರ ಫೋಟೋ, ಈಚೆಗೆ, ಬರಲಾಗದ ನೆಂಟರಿಗಾಗಿ ಮುಖದರ್ಶನದ ನೇರ ಪ್ರಸಾರ. ಅದಕ್ಕೆಂದೇ ಒಂದು ವೆಬ್‌ಸೈಟು ಮಾಡಿಸಿದ್ದ. ದೂರದಲ್ಲಿರುವವರು ಫೋನಿನಲ್ಲಿ ಆ ಪುಟ ತೆರೆದರೆ ಮಂಚದ ಮೇಲೆ ಮಲಗಿಸಿದ ಮುಖ ಕಾಣುತ್ತಿತ್ತು. ಅವರು ಆಡಿದ ಮಾತು ಮಂಚದ ಪಕ್ಕದ ಸ್ಪೀಕರಿನಲ್ಲಿ ಕೇಳುತ್ತಿತ್ತು. ಪೆಟ್ಟಿಗೆಯ ಮುಚ್ಚಳ ಬೀಳುವ ತನಕ ಸತ್ತವರಿಗೆ ಕಿವಿ ಇರುತ್ತದೆ. ಹೇಳಬೇಕಾದದ್ದನ್ನು ಅಷ್ಟರೊಳಗೆ ಹೇಳಿ ಮುಗಿಸಬೇಕು. ಆಮೇಲೆ ಹೇಳಿದ್ದು ಮರದ ಹಲಗೆಗೆ ಹೇಳಿದಂತೆ.

ಅವನ ತಾಯಿ ಪೊಕುವಾ ಸತ್ತು ಆರು ವಾರವಾಗಿತ್ತು. ಹೆಣ ಶವಾಗಾರದಲ್ಲಿತ್ತು. ಹೂಳುವ ಶನಿವಾರವನ್ನು ಸೋದರಮಾವ ಒಪೊಂಗ್ ಗೊತ್ತು ಮಾಡಿದ್ದ. ಕುಟುಂಬದ ಹಿರಿಯ ಅವನು, ಅವನ ಮಾತೇ ಕೊನೆ. ಈ ಆರು ವಾರ ಅಡುಸೆಯ್ ಬೇರೆ ಯಾರ ಸಾವಿಗೂ ಕ್ಯಾಮೆರಾ ಹಿಡಿದು ಹೋಗಿರಲಿಲ್ಲ. ಆ ನಡುವೆ ವೆಬ್‌ಸೈಟಿನ ಜಾಗದ ಅವಧಿ ಮುಗಿದುಹೋಯಿತು. ಅಲ್ಲಿಯವರೆಗೆ ಅದು ಪರದೇಶದ ಯಾವುದೋ ಕಂಪನಿಯಲ್ಲಿತ್ತು. ಇನ್ನು ಮೇಲೆ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಅಗ್ಗದ ಶೇರ್ಡ್ ಹೋಸ್ಟಿಂಗೋ, ಪ್ರತ್ಯೇಕ ವಿಪಿಎಸ್ಸೋ?

ಅಕ್ಕ ಅಫ್ರಕೋಮಾ ರಾಜಧಾನಿ ಆಕ್ರಾದಲ್ಲಿದ್ದಳು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ದುಡಿದವಳು, ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಕೆಲಸ ಬಿಟ್ಟಿದ್ದಳು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಡಯಾಲಿಸಿಸ್. ಕಾಲಿಗೆ ನೀರು ತುಂಬಿತ್ತು. ಊರಿಗೆ ಆರು ಗಂಟೆಯ ರಸ್ತೆ, ಹೋದರೆ ವಾಪಸು ಬರುವುದು ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಶೇರ್ಡ್ ಅಂದ್ರೆ ಏನು ಗೊತ್ತೇನೋ ನಿಂಗೆ?" ಎಂದಳು ಫೋನಿನಲ್ಲಿ. "ನಾವು ಹುಟ್ಟಿದ ವಠಾರ ಕಣೋ ಅದು. ಹದಿನೆಂಟು ಬಾಡಿಗೆಯೋರು, ಒಂದು ನಲ್ಲಿ, ಒಂದು ಬಚ್ಚಲು, ಒಂದು ಮೀಟರು. ಮೂಲೆಮನೆಯೋಳು ಇಸ್ತ್ರಿಪೆಟ್ಟಿಗೆ ಹಾಕಿದ್ರೆ ನಮ್ಮನೆ ದೀಪ ಹೋಗ್ತಿತ್ತಲ್ಲ, ಹಾಗೆ."

"ಹಾಗಾದ್ರೆ ನಿನ್ನ ವಿಪಿಎಸ್ ಏನು, ಅರಮನೆಯಾ?"

"ಅರಮನೆ ಅಲ್ಲ. ಅದೇ ಕಟ್ಟಡದಲ್ಲಿ ನಿಂದೇ ಒಂದು ಭಾಗ. ನಿಂದೇ ಬಚ್ಚಲು, ನಿಂದೇ ಮೀಟರು. ಪಕ್ಕದ ಮನೇಲಿ ಮದುವೆಯಾದ್ರೂ ನಿನ್ನ ನಲ್ಲಿ ನೀರು ನಿಂಗೇ."

"ಕೆಟ್ರೆ?"

"ಕೆಟ್ರೆ ನೀನೇ ಸರಿ ಮಾಡ್ಕೋಬೇಕು, ಯಜಮಾನ ಬರಲ್ಲ. ಅದಕ್ಕೇ ಹೇಳ್ತಿರೋದು, ಬೀಗದ ಕೈ ನಂಗೆ ಕೊಡು. ನಾಲ್ಕು ನಾಲ್ಕು ಗಂಟೆ ರಕ್ತ ತೊಳೆಸ್ಕೊಂಡು ಸುಮ್ನೆ ಕೂತಿರ್ತೀನಿ. ನಂಗೆ ಬರೋ ಕೆಲಸ ಇದು. ನಾನು ನೋಡ್ಕೋತೀನಿ."

"ನೀನು ತೆಪ್ಪಗೆ ಮಲಕ್ಕೋ ಅಕ್ಕ. ಕಾಯಿಲೆಯೋಳ ಕೈಲಿ ದುಡಿಸ್ಕೊಂಡ ಅಂತ ಊರೋರು ನನ್ನ ಮುಖಕ್ಕೆ ಉಗಿಯೋದು ಬೇಡ."

"ಶನಿವಾರ ಬೆಳಿಗ್ಗೆ ಆ ಬಚ್ಚಲ ಮುಂದೆ ಬಕೆಟ್ಟು ಎಷ್ಟು ಸಾಲಾಗಿ ನಿಂತಿರ್ತಿತ್ತು, ಮರೆತ್ಯಾ?"

"ಮರೆತಿಲ್ಲ. ಬಕೆಟ್ಟಿಗೂ ಕಂಪ್ಯೂಟರಿಗೂ ಎಲ್ಲಿಯ ನೆಂಟಸ್ತನ?" ಎಂದು ಫೋನಿಟ್ಟ.

ದುಡ್ಡಿಲ್ಲ ಎಂದಲ್ಲ, ದುಡ್ಡಿತ್ತು. ಪ್ರತ್ಯೇಕ ಮನೆ ನೋಡಿಕೊಳ್ಳುವ ವಿದ್ಯೆ ತನಗೆ ಬಾರದು ಎಂದು ಒಪ್ಪಿಕೊಳ್ಳಲು ಅವನಿಗೆ ನಾಲಿಗೆ ಏಳಲಿಲ್ಲ. ಆರನೇ ಕ್ಲಾಸಿನ ಲೆಕ್ಕದಿಂದ ಹಿಡಿದು ಎಲ್ಲವನ್ನೂ ಅಕ್ಕನೇ ಹೇಳಿಕೊಟ್ಟಿದ್ದಳು. ಇನ್ನೆಷ್ಟು ವರ್ಷ ಅವಳ ಸೆರಗಿನ ಹಿಂದೆ ಎಂದು ಒಳಗೇ ಕುದಿಯುತ್ತಿದ್ದ.

ಅಕ್ಕನಿಗೆ ಆ ಶನಿವಾರ ಯಾಕೆ ಅಷ್ಟು ಮುಖ್ಯ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ತಾಯಿ ಸಾಯುವುದಕ್ಕೆ ಮೂರು ವಾರ ಮುಂಚೆ ಬಸ್ಸು ಹತ್ತಿ ಆಕ್ರಾಕ್ಕೆ ಹೋಗಿದ್ದಳು. ಎಪ್ಪತ್ತಾರು ವರ್ಷದ ಮುದುಕಿ, ನಲವತ್ತು ವರ್ಷ ಸಂತೆಯಲ್ಲಿ ಗೆಣಸು ಮಾರಿದವಳು. ಮಗಳ ಮಂಚದ ಮುಂದೆ ನಿಂತು, "ನನ್ನ ಕಿಡ್ನಿ ಒಂದು ತಗೊಳ್ಳೇ. ನಂಗೆ ಒಂದು ಸಾಕು" ಅಂದಿದ್ದಳು. ಅಫ್ರಕೋಮಾ ಆಸ್ಪತ್ರೆಯ ಜನರೆಲ್ಲ ಕೇಳುವ ಹಾಗೆ ಕೂಗಿದ್ದಳು: "ಸಂತೇಲಿ ಯಾರೂ ಮುಟ್ಟದ ಹಳೇ ಗೆಣಸನ್ನ ನಂಗ್ಯಾಕೆ ತಂದ್ಯೇ? ಎತ್ಕೊಂಡು ಹೋಗು!" ತಾಯಿ ಚೀಲ ಎತ್ತಿಕೊಂಡು ಹೊರಟುಹೋದಳು. ಆಮೇಲೆ ಮಗಳಿಗೆ ಫೋನು ಮಾಡಲಿಲ್ಲ. ಮಗಳೂ ಮಾಡಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದ ತಾಯಿ ಏಳಲಿಲ್ಲ.

"ಮುಚ್ಚೋದ್ರೊಳಗೆ ಅವಳ ಮುಖ ನೋಡಿ ನಾನೊಂದು ಮಾತು ಹೇಳ್ಬೇಕು," ಎಂದಿದ್ದಳು ಅಕ್ಕ. "ಅದೊಂದು ಮಾಡ್ಕೊಡು. ನಿನ್ನ ಹತ್ರ ಇನ್ನೇನೂ ಕೇಳಲ್ಲ."

"ಮಾಡ್ಕೊಡ್ತೀನಿ," ಎಂದು ಆಣೆ ಇಟ್ಟಿದ್ದ.

ಹೂಳುವ ವಾರದ ಸೋಮವಾರ ಅವನು ಅಡುಮ್ ಪೇಟೆಗೆ, ಹಳೇ ಪರಿಚಯದ ಬದು ಎಂಬವನ ಅಂಗಡಿಗೆ ಹೋದ. ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವುದು ಬದುವಿನ ದಂಧೆ.

"ಬಾರಯ್ಯ ಸಾವಿನ ಸಾಹುಕಾರ! ನಿನ್ನ ಮುಖ ಕಂಡ್ರೆ ನಂಗೆ ನನ್ನ ವಯಸ್ಸು ನೆನಪಾಗುತ್ತೆ."

"ಹೆದರ್ಬೇಡ, ನಿನ್ನ ಪೋಸ್ಟರು ಇನ್ನೂ ಪ್ರಿಂಟಿಗೆ ಹೋಗಿಲ್ಲ. ನನ್ನ ಸೈಟಿಗೊಂದು ಮನೆ ಬೇಕು. ವಠಾರದಲ್ಲಿ ಕೊಟ್ರೆ ನೆರೆಹೊರೆ ಯಾರು? ಜೂಜುಕೋರರ ಮಧ್ಯ ನಮ್ಮವ್ವನ ಮುಖ ಇಡಲ್ಲ ನಾನು."

"ಜೂಜುಕೋರರಾ? ಅಯ್ಯೋ, ಎಲ್ಲಾ ನಿನ್ನ ಕಡೆಯೋರೇ. ಪೆಟ್ಟಿಗೆ ಮಾಡೋರು ಮೂರು ಜನ, ಪೆಂಡಾಲು ಹಾಕೋರು, ಒಂದು ಬ್ಯಾಂಡ್ ಸೆಟ್ಟು, ನಿನ್ನ ಥರ ಮುಖದರ್ಶನ ತೋರ್ಸೋರು ಎಂಟು ಒಂಬತ್ತು ಜನ. ವಾರವೆಲ್ಲ ನಿಶ್ಶಬ್ದ. ಒಬ್ರ ತಂಟೆಗೆ ಒಬ್ರು ಹೋಗಲ್ಲ."

ಅಡುಸೆಯ್‌ಗೆ ಹಿಡಿಸಿತು. ಸಾವಿನ ಕೆಲಸದವರಿಗೆ ಸಾವಿನ ಕೆಲಸದವರೇ ನೆರೆಯಾದರೆ ಅದಕ್ಕಿಂತ ಮರ್ಯಾದೆ ಯಾವುದು?

"ಪ್ರತ್ಯೇಕ ತಗೊಂಡ್ರೆ ಇನ್ನೂ ನಿಶ್ಚಿಂತೆ. ನಿಮ್ಮಕ್ಕ ಹೇಳಿದ್ದು ತಪ್ಪೇನಲ್ಲ," ಎಂದ ಬದು. ಅವನು ಮೋಸಗಾರನಲ್ಲ. "ಆದ್ರೆ ಅದನ್ನ ನೋಡ್ಕೊಳ್ಳೋಕೆ ನಿಂಗೆ ಬರುತ್ತಾ?"

ಆ ಮಾತು ನೇರವಾಗಿ ಹುಣ್ಣಿನ ಮೇಲೆ ಬಿತ್ತು. "ನಂಗೆ ಎಲ್ಲಾ ಬರುತ್ತೆ. ವಠಾರ ಸಾಕು, ಬರ್ಕೋ," ಎಂದ.

ಬುಧವಾರ ಪರೀಕ್ಷೆ ಮಾಡಿದ. ಅಂಗಡಿಯಲ್ಲಿ ಕ್ಯಾಮೆರಾ ಇಟ್ಟು, ನೂರು ನೂರಿಪ್ಪತ್ತು ನೆಂಟರಿಗೆ ಪುಟ ತೆರೆಯಲು ಹೇಳಿದ. ಎಲ್ಲರಿಗೂ ಕಂಡಿತು. ಸ್ಪೀಕರಿನಲ್ಲಿ ಅಕ್ಕನ ದನಿ ಪಕ್ಕದಲ್ಲೇ ಕೂತ ಹಾಗೆ ಕೇಳಿತು.

"ನಿನ್ನ ಮೂಗಿನ ಕೂದ್ಲೂ ಕಾಣ್ತಿದೆ, ಕತ್ತರಿಸ್ಕೋ," ಎಂದು ನಕ್ಕಳು. ಆಮೇಲೆ, "ಬುಧವಾರ ಕಾಣೋದು ದೊಡ್ಡದಲ್ಲ ಕಣೋ. ಶನಿವಾರ?"

"ಶನಿವಾರ ಏನು, ಸೂರ್ಯ ಪಶ್ಚಿಮದಲ್ಲಿ ಹುಟ್ತಾನಾ?"

ಅವಳು ಫೋನಿಟ್ಟಳು. ಹಟ ಹಿಡಿಯುವ ಶಕ್ತಿ ಅವಳಲ್ಲಿ ಇರಲಿಲ್ಲ. ಅದೂ ಅವನಿಗೆ ಗೊತ್ತಾಗಬೇಕಿತ್ತು.

ತಾಯಿಯ ಊರು ಮಾಂಪೊಂಗ್ ಪಟ್ಟಣದ ಆಚೆ. ಶನಿವಾರ ಬೆಳಕು ಹರಿಯುವುದರೊಳಗೆ ಹೆಣ ಮನೆಗೆ ಬಂತು. ಹೆಂಗಸರು ತೊಳೆದು, ಬಣ್ಣಬಣ್ಣದ ನೇಯ್ಗೆಯ ಕೆಂಟೆ ಬಟ್ಟೆ ಉಡಿಸಿ, ಹಿತ್ತಾಳೆ ಮಂಚದ ಮೇಲೆ ಮಲಗಿಸಿದರು. ಮಂಚ ಸಿಂಗರಿಸುವ ಡುಫಿಯೆ ಹಿಂದುಗಡೆ ಬಂಗಾರದ ಬಣ್ಣದ ಪರದೆ ಕಟ್ಟಿದ್ದಳು. ಅಂಗಳದಲ್ಲಿ ಕೆಂಪು ಕಪ್ಪು ಬಟ್ಟೆಯ ಜನ ತುಂಬಿದ್ದರು.

ಒಪೊಂಗ್ ಮಾವನದು ಎರಡು ಕಟ್ಟಳೆ. ಮುಖವನ್ನು ರೆಕಾರ್ಡು ಮಾಡಿಡುವಂತಿಲ್ಲ. ಹಿಂದೊಮ್ಮೆ ನೆಂಟನೊಬ್ಬನ ಹೆಣದ ವಿಡಿಯೊಗೆ ಯಾರೋ ಕುಣಿತದ ಹಾಡು ಸೇರಿಸಿ ಊರೆಲ್ಲ ಹಂಚಿದ್ದರು. "ಹಾದು ಹೋದ್ರೆ ಹೋಗ್ಲಿ, ಉಳೀಬಾರ್ದು," ಎಂದಿದ್ದ. ಎರಡನೆಯದು, ಹೆಣದ ಕೋಣೆಗೆ ಫೋನು ತರುವಂತಿಲ್ಲ. ಬಾಗಿಲಲ್ಲಿ ಒಂದು ಹಿತ್ತಾಳೆ ಬೋಗುಣಿ, ಪಕ್ಕದಲ್ಲಿ ಒಬ್ಬಳು ಮುದುಕಿ. ಎಲ್ಲರೂ ಫೋನನ್ನು ಅದರಲ್ಲಿ ಹಾಕಿ ಒಳಗೆ ಹೋಗಬೇಕು. ಅಡುಸೆಯ್ ಕೂಡ ತನ್ನದನ್ನು ಹಾಕಿದ. ಕ್ಯಾಮೆರಾಕ್ಕೆ ಬೇರೆಯದೇ ಸಿಮ್ ಇತ್ತು.

ಏಳಕ್ಕೆ ಪ್ರಸಾರ ಶುರುವಾಯಿತು. ಕೆಂಪು ದೀಪ ಹತ್ತಿತು. ನೋಡುತ್ತಿರುವವರು ನಲವತ್ತೊಂದು ಎಂದು ಕ್ಯಾಮೆರಾದ ಪರದೆ ತೋರಿಸಿತು. ಅದರಲ್ಲಿ ಒಬ್ಬಳು ಅಕ್ಕ ಎಂದುಕೊಂಡು ಲೆನ್ಸನ್ನು ತಾಯಿಯ ಮುಖಕ್ಕೆ ಹತ್ತಿರ ತಂದ. ಎಂಟಾಗುತ್ತ ಬಂದರೂ ಆ ನಲವತ್ತೊಂದು ನಲವತ್ತೆರಡೂ ಆಗಲಿಲ್ಲ, ನಲವತ್ತೂ ಆಗಲಿಲ್ಲ. ಅವನು ಅದನ್ನು ನೋಡಲಿಲ್ಲ. ತಾಯಿಯ ಮುಖವನ್ನು ನೋಡುತ್ತಿದ್ದ. ಸಿಟ್ಟಾದಾಗ ಕೆಳತುಟಿಯನ್ನು ಒಂದಿಷ್ಟು ಎಡಕ್ಕೆ ಎಳೆದುಕೊಳ್ಳುವುದು ಅವಳ ಅಭ್ಯಾಸ. ತುಟಿ ಈಗಲೂ ಹಾಗೇ ಇತ್ತು.

ಬಾಗಿಲ ಬಳಿ ಬೋಗುಣಿ ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಮುದುಕಿ ಅದರ ಮೇಲೆ ಕಪ್ಪು ಬಟ್ಟೆ ಎಳೆದು, "ಸತ್ತೋರಿಗೆ ಫೋನ್ ಬರಲ್ಲ, ಬಡ್ಕೊಳ್ಲಿ ಬಿಡಿ," ಎಂದಳು. ಒಂದಿಬ್ಬರು ನಕ್ಕರು.

ಒಪೊಂಗ್ ಮಾವ ಮಂಚದ ತಲೆಯ ಹತ್ತಿರ ಬಂದು ನಿಂತ. "ಅಫ್ರಕೋಮಾ, ನಿಮ್ಮವ್ವ ಇಲ್ಲಿದ್ದಾಳೆ. ಹೇಳೋದನ್ನ ಹೇಳು ಮಗಳೇ."

ಸ್ಪೀಕರು ಸುಮ್ಮನಿತ್ತು.

"ಅಳ್ತಿದ್ದಾಳೆ ಮಾವ, ಸ್ವಲ್ಪ ತಡೀರಿ," ಎಂದ ಅಡುಸೆಯ್.

ತಡೆದರು. ಮಾವ ಎರಡನೇ ಸಲ ಕರೆದರೂ ದನಿ ಬರಲಿಲ್ಲ. ಹೆಂಗಸರಲ್ಲಿ ಯಾರೋ ಪಿಸುಗುಟ್ಟಿದರು: "ಅವಳ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ." ಆ ಮಾತು ಕಿವಿಗೆ ಬಿದ್ದದ್ದೇ ಅಡುಸೆಯ್‌ಗೆ ರಕ್ತ ತಲೆಗೇರಿತು. ಅಷ್ಟು ಜನರ ಮುಂದೆ ಕ್ಯಾಮೆರಾದ ಕಡೆ ತಿರುಗಿ ಕೂಗಿದ:

"ಅಕ್ಕ, ಮಾತಾಡೇ! ಅವಳು ಸತ್ತು ಮಲಗಿದ್ದಾಳೆ, ಈಗ್ಲೂ ನಿಂದು ಹಟನಾ? ಬಾಯಿ ಬಿಡೇ!"

ಮೂರನೇ ಸಲ ಮಾವ ಕರೆದ. ಮೂರೇ ಸಲ, ನಾಲ್ಕನೆಯದಿಲ್ಲ. ಆಮೇಲೆ ತಾಯಿಯನ್ನು ಪೆಟ್ಟಿಗೆಗೆ ಇಳಿಸಿದರು. ಸೋಪು, ಕರವಸ್ತ್ರ, ಮಕ್ಕಳು ಕೊಟ್ಟ ಬಟ್ಟೆ ಒಳಗಿಟ್ಟರು. ಅಫ್ರಕೋಮಾ ಕಳಿಸಿದ ಬಿಳಿ ಬಟ್ಟೆಯನ್ನು ಅಡುಸೆಯ್ ಎಸೆದ ಹಾಗೇ ಇಟ್ಟ. ಮುಚ್ಚಳ ಬಿತ್ತು. ಮೊಳೆ ಹೊಡೆದರು.

ಹೊರಗೆ ಬಂದು ಬೋಗುಣಿಯಿಂದ ಫೋನು ತೆಗೆದುಕೊಂಡ. ಅಕ್ಕನಿಂದ ಮೂವತ್ತನಾಲ್ಕು ಕರೆ ಬಂದಿದ್ದವು. ಅವುಗಳ ಕೆಳಗೆ ಸಂದೇಶಗಳು.

"ಬಿಳೀ ಪುಟ ಬರ್ತಿದೆ."

"ಮಿತಿ ಮೀರಿದೆ, ಆಮೇಲೆ ಬನ್ನಿ ಅಂತಿದೆ."

"ಫೋನ್ ಎತ್ತೋ."

"ಮಾವಂಗೆ ಹೇಳು, ಮುಚ್ಚಬೇಡಿ ಅಂತ."

"ಮುಚ್ಚಬೇಡಿ."

ಕೊನೆಯದು ಏಳು ಐವತ್ತೆಂಟಕ್ಕೆ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಇಡೀ ಸೀಮೆಯಲ್ಲಿ ಎಲ್ಲರೂ ಹೂಳುವುದು ಶನಿವಾರವೇ. ಎಲ್ಲರೂ ಮುಖ ತೋರಿಸುವುದು ಬೆಳಿಗ್ಗೆಯೇ. ಬದುವಿನ ವಠಾರದಲ್ಲಿ ಅವನು ಆರಿಸಿಕೊಂಡ ಮರ್ಯಾದಸ್ತ ನೆರೆಯವರೆಲ್ಲ ಇದೇ ಗಳಿಗೆಗೆ ಒಂದೇ ಬಚ್ಚಲ ಮುಂದೆ ಬಕೆಟ್ಟು ಹಿಡಿದು ನಿಂತಿದ್ದರು. ಪರದೇಶದ ವಠಾರದಲ್ಲಿದ್ದಾಗ ನೆರೆಯವರಿಗೆ ಶನಿವಾರ ರಜೆ, ಹಾಗಾಗಿ ನಡೆದಿತ್ತು. ಎಳೆಯವನಿದ್ದಾಗ ಆ ಸಾಲಿನಲ್ಲಿ ಎಷ್ಟು ಶನಿವಾರ ನಿಂತಿಲ್ಲ ಅವನು! ಸಾವಿಗೆ ಹೋಗುವವರೆಲ್ಲ ಬೆಳಿಗ್ಗೆ ಐದಕ್ಕೇ ಸ್ನಾನಕ್ಕೆ ನುಗ್ಗುತ್ತಿದ್ದರು. ಅಕ್ಕ ಮುಂದೆ ನಿಂತು, ಜಗಳ ಮಾಡಿ, ತಮ್ಮನಿಗೆ ಜಾಗ ಹಿಡಿಯುತ್ತಿದ್ದಳು.

ಎದ್ದು ಒಳಗೆ ನುಗ್ಗಿದ. "ಮಾವ, ತೆಗೀರಿ! ಅವಳಿಗೆ ಕಂಡೇ ಇಲ್ಲ. ಅವಳು ಹಟ ಮಾಡಿಲ್ಲ, ತಪ್ಪು ನಂದು. ತೆಗೀರಿ!" ಮುಚ್ಚಳದ ಅಂಚಿಗೆ ಬೆರಳು ಹಾಕಿ ಎಳೆದ. ಉಗುರು ಕಿತ್ತು ರಕ್ತ ಬಂತು. ನಾಲ್ಕು ಜನ ಹಿಡಿದೆಳೆದರು.

ಒಪೊಂಗ್ ಮಾವ ಅವನ ಕೈ ಹಿಡಿದುಕೊಂಡ. ಮುದುಕನ ಕಣ್ಣಲ್ಲೂ ನೀರಿತ್ತು, ಪೆಟ್ಟಿಗೆಯಲ್ಲಿದ್ದವಳು ಅವನ ತಂಗಿ. "ಮುಚ್ಚಿದ್ದನ್ನ ತೆಗೆದ್ರೆ ಅದು ಇನ್ನೊಬ್ಬರನ್ನ ಕರ್ಕೊಂಡೇ ಮುಚ್ಚಿಕೊಳ್ಳೋದು. ಯಾರನ್ನ ಕರೆಯುತ್ತೆ ಹೇಳು? ಆಕ್ರಾದಲ್ಲಿ ಕುರ್ಚಿ ಮೇಲೆ ಮಲಗಿದ್ದಾಳಲ್ಲ, ಅವಳನ್ನ ಕರೆದ್ರೆ?"

ಅಡುಸೆಯ್ ಪೆಟ್ಟಿಗೆಯಿಂದ ಹಿಂದೆ ಸರಿದ.

"ಫೋನ್ ಮಾಡು. ಪೆಟ್ಟಿಗೆ ಮೇಲಿಡು," ಎಂದ ಮಾವ. ತನ್ನ ಕಟ್ಟಳೆಯನ್ನು ಅವನು ಅಷ್ಟು ಮಾತ್ರ ಮುರಿದ.

ಮೊದಲ ಗಂಟೆಗೇ ಅಕ್ಕ ಎತ್ತಿದಳು.

"ಮುಚ್ಚಿದ್ರಾ?"

"ಮುಚ್ಚಿದ್ರು ಅಕ್ಕ." ಆಮೇಲೆ, "ಫೋನು ಪೆಟ್ಟಿಗೆ ಮೇಲಿದೆ. ಹೇಳು."

ಆ ಕಡೆ ರಕ್ತ ತೊಳೆಯುವ ಯಂತ್ರದ ಸದ್ದು ಕೇಳುತ್ತಿತ್ತು.

"ಹಲಗೆಗೆ ಏನ್ ಹೇಳ್ಲೋ?" ಎಂದಳು. ಬೈಗುಳವಿರಲಿಲ್ಲ. ಬೈದಿದ್ದರೆ ಅವನಿಗೆ ಜೀವ ಬರುತ್ತಿತ್ತು. "ಮುಖ ಹೇಗಿತ್ತು? ಮುನಿಸ್ಕೊಂಡಿದ್ಲಾ?"

ಎಡಕ್ಕೆ ಎಳೆದ ಆ ತುಟಿ ಅವನ ಕಣ್ಣೆದುರು ಬಂತು. "ಇಲ್ಲ ಅಕ್ಕ. ನಗ್ತಿದ್ಲು."

"ನಗ್ತಿದ್ಲಾ? ಆ ಮುಂದಿನ ವಕ್ರ ಹಲ್ಲು ಕಾಣ್ತಿತ್ತಾ?"

"ಹೂಂ. ಕಾಣ್ತಿತ್ತು."

"ಆ ಹಲ್ಲು ಕೀಳಿಸಿ ಎರಡು ವರ್ಷ ಆಯ್ತಲ್ಲೋ," ಎಂದಳು ಅಕ್ಕ. "ನಾನೇ ಕರ್ಕೊಂಡು ಹೋಗಿದ್ದೆ." ಫೋನು ಇಟ್ಟಳು.

ಪೆಟ್ಟಿಗೆ ಎತ್ತಿದರು. ಅಡುಸೆಯ್ ಹೆಗಲು ಕೊಟ್ಟ. ಗುಂಡಿಗೆ ಮಣ್ಣು ಹಾಕಿದ. ಯಾರು ಏನು ಹೇಳಿದರು, ಪಾದ್ರಿ ಏನು ಓದಿದ, ಒಂದೂ ಅವನ ತಲೆಗೆ ಹತ್ತಲಿಲ್ಲ. ಹತ್ತಾಗಲು ಕಾಲು ಗಂಟೆ ಇರುವಾಗ ಜನ ಪೆಂಡಾಲಿನ ಕಡೆ ಹೊರಟರು. ಇವನು ಒಬ್ಬನೇ ಮನೆಗೆ ಬಂದ. ಕ್ಯಾಮೆರಾ ಕಟ್ಟಿ, ವೈರು ಸುತ್ತಿ, ಎಲ್ಲವನ್ನೂ ಬಾವಿಗೆ ಎಸೆಯಬೇಕೆಂದಿತ್ತು ಅವನಿಗೆ.

ಕೋಣೆಯಲ್ಲಿ ಡುಫಿಯೆ ಪರದೆ ಬಿಚ್ಚುತ್ತಿದ್ದಳು. ಮಂಚ ಹಾಗೇ ಇತ್ತು. ದಿಂಬಿನ ನಡುವೆ ತಲೆ ಇಟ್ಟಿದ್ದ ಗುಳಿ ಇನ್ನೂ ಇತ್ತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು, ಆರಿಸಲು ಮರೆತಿದ್ದ. ಕ್ಯಾಮೆರಾ ಪರದೆಯ ಮೇಲಿನ ಅಂಕಿ ಈಗ ನಲವತ್ತೊಂದಾಗಿ ನಿಂತಿರಲಿಲ್ಲ. ಎಲ್ಲ ಊರುಗಳಲ್ಲೂ ಮುಚ್ಚಳ ಬಿದ್ದಿತ್ತು. ನೆರೆಯವರು ಸ್ನಾನ ಮುಗಿಸಿ ಹೋಗಿದ್ದರು. ವಠಾರ ಖಾಲಿಯಾಗಿತ್ತು. ನೋಡುತ್ತಿರುವವರು ಒಬ್ಬರು ಎಂದಿತ್ತು.

ಅವನು ಕ್ಯಾಮೆರಾ ಆರಿಸುವ ಗುಂಡಿಯ ಕಡೆ ಕೈ ಚಾಚಿದ. ಅಷ್ಟರಲ್ಲಿ ಸ್ಪೀಕರು ಕರಕರ ಎಂದಿತು.

"ಆರಿಸ್ಬೇಡ ಕಣೋ," ಎಂದಿತು ಅಕ್ಕನ ದನಿ. "ನಂಗೆ ದಿಂಬು ಕಾಣ್ತಿದೆ. ಹಾಗೇ ಇರ್ಲಿ."

ಡುಫಿಯೆ ಬೆಚ್ಚಿ ಪರದೆಯ ತುದಿ ಕೈಬಿಟ್ಟಳು. ಬಂಗಾರದ ಬಟ್ಟೆ ಮಂಚದ ಮೇಲೆ ಕುಸಿಯತೊಡಗಿತು. "ಮುಟ್ಟಬೇಡ ಏನನ್ನೂ!" ಎಂದು ಅಡುಸೆಯ್ ಗದರಿ, ಒಂದೇ ನೆಗೆತಕ್ಕೆ ಹೋಗಿ ತುದಿಯನ್ನು ಹಿಡಿದು ಗೋಡೆಗೆ ಒತ್ತಿದ. ಕ್ಯಾಮೆರಾಕ್ಕೆ ತಾನು ಕಾಣದ ಹಾಗೆ ಮೂಲೆಗೆ ಸರಿದ.

"ಅಣ್ಣ, ನಂಗೆ ಇನ್ನೊಂದೂರಲ್ಲಿ ಮಂಚ ಕಟ್ಟೋದಿದೆ..." ಎಂದು ಡುಫಿಯೆ ಶುರುಮಾಡಿದವಳು ಅವನ ಮುಖ ನೋಡಿ ಬಾಗಿಲಲ್ಲೇ ಕೂತುಬಿಟ್ಟಳು.

"ಅವ್ವಾ," ಎಂದಳು ಅಕ್ಕ. ಮೊದಲು ಉಸಿರು ಸಿಕ್ಕಲಿಲ್ಲ, ಕೆಮ್ಮಿದಳು. "ಅವ್ವಾ, ಆ ಗೆಣಸು ನಂಗೆ ಬೇಕಿತ್ತು ಕಣೇ. ತುಂಬಾ ಬೇಕಿತ್ತು. ನಿನ್ನ ಹೊಟ್ಟೆ ಕೊಯ್ದ್ರೆ ನೀನು ಉಳಿಯಲ್ಲ ಅಂತ ಹೆದರ್ಕೊಂಡೆ. ಮೆತ್ತಗೆ ಹೇಳಿದ್ರೆ ನೀನು ಕೇಳೋಳಲ್ಲ, ಅದಕ್ಕೇ ಕೂಗಿದೆ. ನೀನು ಚೀಲ ಎತ್ಕೊಂಡು ಹೋದ್ಯಲ್ಲ, ಬಾಗಿಲ ಹತ್ರ ಒಂದ್ಸಲ ತಿರುಗಿ ನೋಡ್ತೀಯ ಅಂತ ಕಾದೆ."

ಆಮೇಲೆ ಅವಳು ಹೇಳಿದ್ದು ಬಹಳ ಇತ್ತು. ಕೆಲವು ಮಾತು ಅಳುವಿನಲ್ಲಿ ಕಲಸಿಹೋಗಿ ಕೇಳಲಿಲ್ಲ. ಕೆಲವು ಕೇಳಿದವು. ಅವು ತಾಯಿಗೆ ಹೇಳಿದ ಮಾತು, ಅಡುಸೆಯ್ ಕೇಳಬಾರದಿತ್ತು. ಆದರೆ ಆ ಕೋಣೆಯಲ್ಲಿ ಕಿವಿ ಇದ್ದದ್ದು ಅವನಿಗೂ ಡುಫಿಯೆಗೂ ಮಾತ್ರ. ಅವನ ಕಿತ್ತ ಉಗುರಿನಿಂದ ಬಂಗಾರದ ಬಟ್ಟೆಗೆ ರಕ್ತ ಹತ್ತುತ್ತಿತ್ತು. ಅಕ್ಕನ ಮಾತು ಮುಗಿಯುವ ತನಕ ಅವನು ಪರದೆಯನ್ನು ಬೀಳಲು ಬಿಡಲಿಲ್ಲ.